ಮೂವತ್ತು ದಿನದ ಪೀಪಿ

ನಮ್ಮ ಊರಿನಲ್ಲಿ ಹೆಣ್ಣು ಕೊಡುವವರು ಹುಡುಗನ ಜಾತಕವನ್ನು ಆಮೇಲೆ ನೋಡುತ್ತಾರೆ, ಮೊದಲು ಅವನ ಮನೆಯ ಹಿತ್ತಿಲು ನೋಡುತ್ತಾರೆ. ಗೋಡೆಯ ಪಕ್ಕ ಆಳೆತ್ತರದಲ್ಲಿ ಎಷ್ಟು ಹೊಗೆ ನಿಂತಿದೆ ಎಂದು ಎಣಿಸಿಕೊಂಡು, ನಂತರ ಕಾಫಿಗೆ ಒಳಗೆ ಬರುತ್ತಾರೆ. ಒಲೆಯ ಹೊಗೆ, ಊದುಬತ್ತಿಯ ಹೊಗೆ ಎಲ್ಲ ಊರುಗಳ ಹಾಗೆ ಇಲ್ಲಿಯೂ ಮೇಲೆ ಹೋಗಿ ಮಾಯವಾಗುತ್ತದೆ. ಬಾಯಿಂದ ಬಿಟ್ಟ ಹೊಗೆ ಮಾತ್ರ ಬಿಟ್ಟಲ್ಲೇ ನಿಲ್ಲುತ್ತದೆ. ಬಿಟ್ಟವರೇ ಬಂದು ಟವೆಲಿನಿಂದ ನಾಲ್ಕು ಸಲ ಬೀಸಿದರೆ ಹೋಗುತ್ತದೆ. ಬೇರೆ ಯಾರು ಬೀಸಿದರೂ, ಬಿರುಗಾಳಿಯೇ ಬೀಸಿದರೂ ಕದಲುವುದಿಲ್ಲ.

ಇದರಿಂದ ತಾಪತ್ರಯವಿಲ್ಲ ಎಂದೇನಲ್ಲ. ಬಸ್ ನಿಲ್ದಾಣವನ್ನು ನನ್ನ ಕಾಲದಲ್ಲೇ ಮೂರು ಸಲ ಮುಂದೆ ಸರಿಸಿದ್ದಾರೆ. ಪರಊರಿನವರು ಬಸ್ಸಿಗೆ ಕಾಯುತ್ತ ಸೇದಿ ಹೊರಟುಹೋಗುತ್ತಾರೆ. ಆ ಹೊಗೆ ಹೋಗಬೇಕಾದರೆ ಅವರೇ ತಿರುಗಿ ಬರಬೇಕು, ಯಾರು ಬರುತ್ತಾರೆ? ಹಳೆಯ ನಿಲ್ದಾಣದಲ್ಲಿ ಈಗ ನಡುಮಧ್ಯಾಹ್ನವೂ ಎರಡು ಮಾರು ಆಚೆಗೆ ಏನೂ ಕಾಣುವುದಿಲ್ಲ. ಕ್ಷೌರದ ಅಂಗಡಿಯಲ್ಲಿ ತೀರಿಕೊಂಡ ಪಟೇಲರ ಚುಟ್ಟದ ಹೊಗೆ ಕನ್ನಡಿಯ ಮುಂದೆಯೇ ನಿಂತುಬಿಟ್ಟಿದೆ. ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡು ಮೂವತ್ತು ವರ್ಷದಿಂದ ಕೆಲಸ ನಡೆಯುತ್ತಿದೆ. ನಮ್ಮ ಊರಿನ ಗಂಡಸರ ಕ್ರಾಪು ಎಡಗಡೆ ಸ್ವಲ್ಪ ಗಿಡ್ಡವಾಗಿರುವುದು ಅದಕ್ಕೇ.

ನನ್ನ ಹೆಸರು ಪರಮೇಶಿ. ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ದಿನಕ್ಕೆ ನಾಲ್ಕು ಬೀಡಿ ನನ್ನ ಚಟ. ಮುಂದಿನ ಹಲ್ಲು ಒಂದು ಅರ್ಧ ಮುರಿದಿರುವುದರಿಂದ ನನ್ನ ಹೊಗೆ ಬಾಯಿಯ ಎಡಗಡೆಯಿಂದ ಹೊರಟು ಸೋರೆಕಾಯಿಯ ಆಕಾರದಲ್ಲಿ ನಿಲ್ಲುತ್ತದೆ, ಇಡೀ ಊರಿಗೆ ಗುರುತು. ದಿನವೂ ಸಂಜೆ ಐದೂವರೆಗೆ ನಾನೂ ನನ್ನ ಹೆಂಡತಿ ಕಮಲಾಕ್ಷಿಯೂ ಆ ನಾಲ್ಕು ಸೋರೆಕಾಯಿಗಳನ್ನು ಓಡಿಸಲು ಹೊರಡುತ್ತೇವೆ. ಟವೆಲ್ ನನ್ನ ಹೆಗಲ ಮೇಲೆ, ತರಕಾರಿ ಚೀಲ ಅವಳ ಕೈಯಲ್ಲಿ. ನಾನು ಬೀಸುವಾಗ ಅವಳು ಪಕ್ಕದಲ್ಲಿ ನಿಂತು ಊರಿನ ಸುದ್ದಿ ಹೇಳುತ್ತಾಳೆ. ನಾಲ್ಕಕ್ಕಿಂತ ಹೆಚ್ಚಿದ್ದ ದಿನ ಸುದ್ದಿ ಹೇಳುವುದಿಲ್ಲ, ಸುಮ್ಮನೆ ನಿಲ್ಲುತ್ತಾಳೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬೀಡಿಯ ವಿಷಯಕ್ಕೆ ನಾನು ಅವಳಿಗೆ ಒಂದು ಸುಳ್ಳನ್ನೂ ಹೇಳಿಲ್ಲ. ಒಳ್ಳೆಯತನದಿಂದ ಅಲ್ಲ, ಅನುಕೂಲವಿರಲಿಲ್ಲ ಅಷ್ಟೆ.

ನನಗೆ ಇನ್ನೊಂದು ಹೊಣೆಯೂ ಇದೆ. ನಮ್ಮ ಊರಿನ ಅಂಗಡಿಗಳಲ್ಲಿ ಹೊಸ ಸಾಮಾನು ಯಾವುದು ಬಂದರೂ ಮಾರುವುದಕ್ಕೆ ಮೊದಲು ಒಬ್ಬರು ಅದನ್ನು ಮೂವತ್ತು ದಿನ ಬಳಸಿ ನೋಡಬೇಕು. ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂವತ್ತನೆಯ ದಿನ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ನಿಂತು ಆ ಪುಸ್ತಕ ಓದಿ, ‘ಇರಲಿ’ ಅಥವಾ ‘ಬೇಡ’ ಎಂದು ಒಂದೇ ಮಾತು ಹೇಳಬೇಕು. ಅವರ ಮನೆಯವರು ಒಬ್ಬರು ಎದ್ದು ಪುಸ್ತಕದಲ್ಲಿರುವುದಕ್ಕೆ ‘ಹೌದು’ ಎನ್ನಬೇಕು. ಅಲ್ಲಿಗೆ ಮುಗಿಯಿತು, ಮತ್ತೆ ಚರ್ಚೆಯಿಲ್ಲ. ಈ ಕೆಲಸ ನನಗಿಂತ ಮೊದಲು ನನ್ನ ಸೋದರತ್ತೆ ಗಿರಿಜತ್ತೆಯದಾಗಿತ್ತು. ಕುಕ್ಕರಿಗೆ ‘ಇರಲಿ’ ಎಂದವಳು ಅವಳೇ. ಹಾಡು ಹೇಳುವ ಕರೆಗಂಟೆಗೆ ‘ಬೇಡ’ ಎಂದವಳೂ ಅವಳೇ, ಮೂವತ್ತು ದಿನ ಅವಳ ಮನೆಗೆ ಯಾರೂ ಬಂದಿರಲಿಲ್ಲವಂತೆ. ಉಬ್ಬಸ ಹೆಚ್ಚಾದ ಮೇಲೆ ಹೊಣೆಯನ್ನು ನನಗೆ ಒಪ್ಪಿಸಿ, ಕಟ್ಟೆಯ ಹಿರಿಯಳಾಗಿ ಕುಳಿತಿದ್ದಾಳೆ. ಒಪ್ಪಿಸುವಾಗ ಹೇಳಿದ್ದು ಒಂದೇ ಬುದ್ಧಿಮಾತು. ಸಾಮಾನು ಕೆಟ್ಟರೆ ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ, ಮಾತು ಕೆಟ್ಟರೆ ಬದಲಾಯಿಸಿಕೊಡುವ ಅಂಗಡಿ ಇಲ್ಲ ಎಂದಳು.

ದೀಪಾವಳಿ ಕಳೆದ ಮರುವಾರ ದಿನಸಿ ಅಂಗಡಿಯ ಗುರಪ್ಪಶೆಟ್ಟರು ಬೆರಳುದ್ದದ ಒಂದು ಬಣ್ಣದ ಕಡ್ಡಿ ತಂದು ಕಟ್ಟೆಯ ಮೇಲಿಟ್ಟರು. ವೇಪ್ ಎಂದು ಅದರ ಹೆಸರು. ನೋಡಿದರೆ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಪೀಪಿಯ ಹಾಗಿತ್ತು, ಹಾಗಾಗಿ ಹತ್ತು ನಿಮಿಷದಲ್ಲಿ ಅದಕ್ಕೆ ಪೀಪಿ ಎಂದೇ ಹೆಸರಾಯಿತು. ಒಳಗೆ ಮಾವಿನ ಹಣ್ಣಿನ ವಾಸನೆಯ ರಸ, ಬ್ಯಾಟರಿ, ಉಗುರಿನಷ್ಟು ಪರದೆ. ಎಳೆದರೆ ರಸ ಆವಿಯಾಗಿ ಬರುತ್ತದೆ. ಬೆಂಕಿಯಿಲ್ಲ, ಬೂದಿಯಿಲ್ಲ. ಎಲ್ಲಕ್ಕಿಂತ ದೊಡ್ಡ ಸಂಗತಿಯನ್ನು ಶೆಟ್ಟರು ಎಳೆದು ತೋರಿಸಿದರು. ಬಿಳಿಯ ಆವಿ ಬಂತು, ಕಟ್ಟೆಯ ಮುಂದೆ ತುಸು ಅಲುಗಿತು, ಮಾಯವಾಯಿತು. ಬಾಯಿಂದ ಬಿಟ್ಟ ಹೊಗೆ ತಾನಾಗಿ ಮಾಯವಾಗಿದ್ದನ್ನು ಹುಟ್ಟಿದಾಗಿನಿಂದ ನೋಡಿರದ ನಾವೆಲ್ಲ ಬಾಯಿ ಬಿಟ್ಟುಕೊಂಡು ಕುಳಿತೆವು. ಮೊಣಕಾಲು ನೋವಿನ ಬೀಡಿ ಮುದುಕರ ಕಣ್ಣಲ್ಲಿ ನೀರೇ ಬಂತು. ಸಂಜೆಯ ಅಲೆದಾಟ ತಪ್ಪುತ್ತದಲ್ಲ.

ಡಬ್ಬಿಯ ಮೇಲೆ ‘ವಯಸ್ಕರ ದಿನಬಳಕೆಗೆ ಮಾತ್ರ’ ಎಂದಿತ್ತು. ಅದರ ಕೆಳಗೆ, ಮತ್ತೆ ಚಾರ್ಜ್ ಮಾಡಬಹುದು, ಬಳಸಿದ ಮೇಲೆ ಬಿಸಾಡಬಹುದು ಎಂದಿತ್ತು. ಗಿರಿಜತ್ತೆ ಇದನ್ನು ಎರಡು ಸಲ ಓದಿದಳು. ಬಿಸಾಡುವ ಸಾಮಾನಿಗೆ ಚಾರ್ಜು ಯಾಕೆ ಎಂದು ಕೇಳಿದಳು. ರಸ ಹದಿನೈದು ದಿನಕ್ಕೆ ಬರುತ್ತದೆ, ಬ್ಯಾಟರಿ ಎರಡೇ ದಿನಕ್ಕೆ ಇಳಿಯುತ್ತದೆ, ಅದಕ್ಕೇ ನಡುನಡುವೆ ಚಾರ್ಜು ಎಂದು ಶೆಟ್ಟರು ವಿವರಿಸಿದರು. ಅತ್ತೆ ಪೀಪಿಯನ್ನು ನನ್ನ ಕೈಗೆ ಕೊಟ್ಟು, ಮಾಮೂಲಿ ದಿನ ಮಾಮೂಲಿ ಮನುಷ್ಯ ಹೇಗೆ ಬಳಸುತ್ತಾನೋ ಹಾಗೆ ಬಳಸು ಎಂದಳು.

ಮನೆಗೆ ಬರುವಾಗ ಕಮಲಾಕ್ಷಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಮೂಸಿದಳು, ವಾಪಸು ಕೊಟ್ಟಳು. “ಬೀಡಿ ಆದ್ರೆ ನಾನೇ ಕಣ್ಣಲ್ಲಿ ನೋಡ್ತಿದ್ದೆ. ಇದರದ್ದು ನೀವು ಹೇಳಿದ್ದೇ ಲೆಕ್ಕ. ನಿಜ ಹೇಳ್ಬೇಕು, ಅಷ್ಟೇರೀ,” ಎಂದಳು. ನಾನು ನಗುತ್ತ, ಹೇಳದೆ ಇನ್ನೇನು ಎಂದೆ. ಆಗ ಅದು ನಿಜವೇ ಆಗಿತ್ತು.

ಮೊದಲ ವಾರ ನಾನು ಶಾಲೆಯ ಮಗುವಿನ ಹಾಗೆ ಪುಸ್ತಕ ಬರೆದೆ. ಹಗುರವಾಗಿದೆ. ಜೇಬಿನಲ್ಲಿ ಕೂರುತ್ತದೆ. ಫೋನಿನ ಚಾರ್ಜರೇ ಸಾಕು, ಮುಕ್ಕಾಲು ಗಂಟೆಯಲ್ಲಿ ತುಂಬುತ್ತದೆ. ಮೊದಲ ದಮ್ಮಿಗೆ ಗಂಟಲು ಚುರುಗುಟ್ಟುತ್ತದೆ, ಮೂರನೆಯದಕ್ಕೆ ಒಗ್ಗುತ್ತದೆ. ಮಾವಿನ ವಾಸನೆ ಚೆನ್ನಾಗಿದೆ, ಆದರೆ ಸಾರು ಅನ್ನಕ್ಕೂ ಮಾವಿನ ರುಚಿ ಬರುತ್ತದೆ. ಉಲ್ಟಾ ಹಿಡಿದರೆ ತುಟಿಗೆ ರಸ ಸೋರುತ್ತದೆ. ದಿನಕ್ಕೆ ಎರಡು ಮೂರು ದಮ್ಮು ಸಾಕಾಗುತ್ತದೆ.

ಕೊನೆಯ ಸಾಲು ಮೊದಲ ಎರಡು ದಿನದ ಮಟ್ಟಿಗೆ ಸತ್ಯ. ಮೂರನೆಯ ದಿನ ಅದೇ ಸಾಲನ್ನು ಬರೆಯುವಾಗ ದಮ್ಮು ಎಷ್ಟಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಬೀಡಿಯಾದರೆ ಹಚ್ಚಬೇಕು, ಮುಗಿಯುತ್ತದೆ, ಎದುರಿಗೆ ಸೋರೆಕಾಯಿ ನೇತಾಡಿ ನಿನ್ನದು ಆಯಿತು ಏಳು ಎನ್ನುತ್ತದೆ. ಪೀಪಿಗೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಸೂಜಿಗೆ ದಾರ ಪೋಣಿಸುವಾಗ ಒಂದು, ಪೋಣಿಸಿದ ಸಂತೋಷಕ್ಕೆ ಒಂದು. ಸ್ನಾನಕ್ಕೆ ನೀರು ಕಾಯುವವರೆಗೆ ಐದು. ಸಿಟ್ಟು ಬಂದರೆ ಒಂದು, ಸಿಟ್ಟು ಇಳಿದರೆ ಒಂದು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಹಾಗೆ ನಾನು ದಮ್ಮು ಎಳೆಯದ ಜಾಗ ಊರಿನಲ್ಲಿ ಉಳಿಯಲಿಲ್ಲ. ಬೀಡಿ ಸೇದುವ ಕಾಲದಲ್ಲಿ ಯಾರ ಮನೆಯೊಳಗೂ ಸೇದಿದವನಲ್ಲ ನಾನು. ಈಗ ಯಾರು ಅತ್ತ ತಿರುಗಿದರೂ ಇತ್ತ ಒಂದು ಎಳೆಯುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಂದರೆ ಏನೆಂದು ಆ ತಿಂಗಳು ಅರ್ಥವಾಯಿತು.

ಕಮಲಾಕ್ಷಿ ದಿನವೂ ಸಂಜೆ ಕೇಳುತ್ತಿದ್ದಳು, ನಾನು ದಿನವೂ ‘ಎರಡೋ ಮೂರೋ’ ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಓಡಿಸಲು ಹೊಗೆಯಿಲ್ಲದ್ದರಿಂದ ಸಂಜೆಯ ಸುತ್ತಾಟ ನಿಂತುಹೋಗಿತ್ತು. ಐದೂವರೆಗೆ ಅವಳು ಅಡುಗೆಮನೆಯಲ್ಲಿ, ನಾನು ಜಗುಲಿಯ ಮೇಲೆ. ಊರಿನ ಸುದ್ದಿ ನನಗೆ ಬರುವುದೇ ನಿಂತಿತು. ಪೋಸ್ಟ್‌ಮ್ಯಾನ್ ಮಗಳ ಮದುವೆ ನಿಶ್ಚಯವಾದದ್ದು ಮದುವೆಯ ಹಿಂದಿನ ದಿನ ಗೊತ್ತಾಯಿತು.

ಹದಿನೈದು ದಿನ ಬರಬೇಕಾದ ರಸ ಐದೇ ದಿನಕ್ಕೆ ಒಣಗಿ ಸುಟ್ಟ ಹತ್ತಿಯ ರುಚಿ ಬಂತು. ಬ್ಯಾಟರಿ ಗಟ್ಟಿಮುಟ್ಟಾಗಿಯೇ ಇತ್ತು, ರಸ ಮಾತ್ರ ಸತ್ತಿತ್ತು. ಸೋರುತ್ತದೆ ಎಂದು ಹೇಳಿ ಶೆಟ್ಟರ ಹತ್ತಿರ ಇನ್ನೊಂದು ತಂದೆ, ಅದಾದ ಮೇಲೆ ಮತ್ತೊಂದು, ಹೀಗೇ ನಡೆಯಿತು. ಖಾಲಿಯಾದವನ್ನು ಬಿಸಾಡೋಣವೆಂದರೆ ಗುಜರಿಯವನು ಬ್ಯಾಟರಿ ಇದೆ, ನನಗೆ ಬೇಡಪ್ಪ ಎಂದ. ಹಿತ್ತಿಲಲ್ಲಿ ಹೂಳಲು ಮನಸ್ಸಾಗಲಿಲ್ಲ. ಯಂತ್ರದ ಎಣ್ಣೆಯ ಹಳೆಯ ಡಬ್ಬಿಯಲ್ಲಿ ತುಂಬಿಟ್ಟೆ. ಬಿಸಾಡುವ ಸಾಮಾನು ಎಂದು ಹೆಸರಾದದ್ದು ಬಿಸಾಡಲಾಗದೆ ಮನೆಯಲ್ಲೇ ಉಳಿಯಿತು. ಇದನ್ನು ಪುಸ್ತಕದಲ್ಲಿ ಬರೆದೆ, ಎಷ್ಟು ಖಾಲಿಯಾದವು ಎಂಬುದನ್ನು ಬರೆಯಲಿಲ್ಲ.

ಇನ್ನೊಂದು ದೋಷವನ್ನೂ ಬರೆದೆ. ಮಧ್ಯಾಹ್ನ ಊಟಕ್ಕೆ ಬಂದು, ಪೀಪಿಯನ್ನು ಪೂರ್ತಿ ಚಾರ್ಜ್ ಮಾಡಿ, ಅಡುಗೆಮನೆಯ ಗೂಡಿನಲ್ಲಿಟ್ಟು ಅರ್ಧ ಗಂಟೆ ಮಲಗುವುದು ನನ್ನ ವಾಡಿಕೆ. ಎದ್ದು ನೋಡಿದರೆ ಪರದೆಯ ಮೇಲಿನ ಅಂಕೆ ನೂರರಿಂದ ಎಂಬತ್ತಕ್ಕೆ ಇಳಿದಿರುತ್ತಿತ್ತು. ಒಂದು ದಿನವಲ್ಲ, ದಿನವೂ. ತಂದ ಪೀಪಿಗಳಿಗೆಲ್ಲ ಇದೇ ರೋಗ. ‘ಚಾರ್ಜು ತಾನಾಗಿ ಇಳಿಯುತ್ತದೆ, ನಂಬುವ ಹಾಗಿಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಸಾಲಿನ ಮೇಲೆ ನನಗೆ ಹೆಮ್ಮೆಯಿತ್ತು. ಒಂದು ದೋಷವನ್ನಾದರೂ ಕಂಡುಹಿಡಿದೆನಲ್ಲ.

ನಡುವೆ ಸಣ್ಣಪುಟ್ಟ ಸಂಗತಿಗಳು ನಡೆದವು, ನಾನು ಗಮನ ಕೊಡಲಿಲ್ಲ. ಹೊಲಿಗೆ ಹೇಳಿಕೊಡುವ ವಾರಿಜಮ್ಮ ತನ್ನ ಯಂತ್ರದ ಪಕ್ಕ ನಿಂತಾಗಲೆಲ್ಲ ಕನ್ನಡಕ ಮಂಜಾಗುತ್ತದೆ ಎಂದು ಒರೆಸಿಕೊಳ್ಳುತ್ತಿದ್ದಳು. ನಮ್ಮ ಜಗುಲಿಯಲ್ಲಿ ಒಂದು ಕಣಜ ಏನೂ ಇಲ್ಲದ ಜಾಗದ ಸುತ್ತ ಗಿರಕಿ ಹೊಡೆಯುತ್ತಿತ್ತು. ಇರುವೆಗಳು ಗೋಡೆಯ ಮೇಲೆ ನನ್ನ ತಲೆಯ ಎತ್ತರಕ್ಕೆ ಹತ್ತಿ, ಮುಂದೆ ದಾರಿ ಕಾಣದೆ ಸಭೆ ಸೇರುತ್ತಿದ್ದವು. ಗಿರಿಜತ್ತೆಯನ್ನು ನೋಡಲು ಹೋದಾಗ, ಮಂಚದ ಹತ್ತಿರ ಯಾಕೋ ಜಿಗುಟು ಜಿಗುಟು, ಉಸಿರು ಕಟ್ಟುತ್ತದೆ ಎಂದಳು. ಹವಾ ಬದಲಾಗುತ್ತಿದೆಯಲ್ಲ ಎಂದೆ. ಅವಳು ನೀರಿನ ಚೊಂಬಿಗೆ ತಿರುಗಿದಾಗ ಒಂದು ದಮ್ಮು ಎಳೆದೆ.

ಇಪ್ಪತ್ತೊಂಬತ್ತನೆಯ ದಿನ ಸಂಜೆ ನಾನು ಪುಸ್ತಕ ಮುಚ್ಚಿ, ‘ಇರಲಿ’ ಎನ್ನುವುದೆಂದು ತೀರ್ಮಾನಿಸಿದೆ. ಅದಕ್ಕೆ ಕಾರಣಗಳನ್ನೂ ಜೋಡಿಸಿಕೊಂಡೆ. ಮುದುಕರ ಮೊಣಕಾಲು, ಬಸ್ ನಿಲ್ದಾಣ, ಪಟೇಲರ ಚುಟ್ಟ. ಒಂದು ವಿಷಯ ಮಾತ್ರ ಎದೆಯಲ್ಲಿ ಕುಟುಕುತ್ತಿತ್ತು. ಪುಸ್ತಕ ಓದಿದ ಮೇಲೆ ಕಮಲಾಕ್ಷಿ ಎದ್ದು ‘ಹೌದು’ ಎನ್ನಬೇಕು. ದಿನಕ್ಕೆ ಎರಡೋ ಮೂರೋ ಎನ್ನುವ ನನ್ನ ಸುಳ್ಳನ್ನು ಅವಳ ಬಾಯಲ್ಲಿ ಇಡೀ ಊರಿಗೆ ಹೇಳಿಸಬೇಕು. ಬೇರೆ ಯಾವುದಕ್ಕೂ ಆಗದ ನಾಚಿಕೆ ನನಗೆ ಇದಕ್ಕೆ ಆಯಿತು. ಆ ನಾಚಿಕೆಗೂ ಒಂದು ದಮ್ಮು ಎಳೆದೆ.

ಮೂವತ್ತನೆಯ ದಿನ ಬೆಳಿಗ್ಗೆ ಆ ವರ್ಷದ ಮೊದಲ ಚಳಿ ಬಿತ್ತು. ಕಣ್ಣು ಬಿಟ್ಟರೆ ಮಂಚದ ಮೇಲೆ ಬಿಳಿಯ ಸೋರೆಕಾಯಿ. ಅದರ ಪಕ್ಕ ಇನ್ನೊಂದು, ಕಿಟಕಿಯ ಹತ್ತಿರ ಒಂದು ಗೊಂಚಲು, ಬಾಗಿಲಿನಿಂದ ಬಚ್ಚಲಿನವರೆಗೆ ತೋರಣ. ಆವಿ ಎಲ್ಲಿಗೂ ಹೋಗಿರಲಿಲ್ಲ. ಬಿಟ್ಟಲ್ಲೇ ಕಾಣದ ಹಾಗೆ ನಿಂತಿದ್ದು, ಚಳಿ ತಾಗಿದ್ದೇ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಾವಿನ ವಾಸನೆ ಬೇರೆ. ನಾನು ಟವೆಲ್ ತೆಗೆದುಕೊಂಡು ಬೀಸತೊಡಗಿದೆ, ಹತ್ತು ಓಡಿಸುವುದರಲ್ಲಿ ಬೆವರಿಳಿಯಿತು. ಜಗುಲಿಗೆ ಬಂದು ನೋಡಿದವನು ಟವೆಲ್ ಕೆಳಗೆ ಬಿಟ್ಟೆ. ನಮ್ಮ ಬೀದಿಯ ಉದ್ದಕ್ಕೂ, ತಿರುವಿನಲ್ಲಿ, ಅದರಾಚೆ, ಕಣ್ಣು ಹಾಯುವವರೆಗೆ ನನ್ನ ಮುರಿದ ಹಲ್ಲಿನ ಸೋರೆಕಾಯಿಗಳು ಸಾಲಾಗಿ ನಿಂತಿದ್ದವು.

ಅಡಗಿಕೊಳ್ಳುವ ಮಾತೇ ಇರಲಿಲ್ಲ. ಪುಸ್ತಕ ಹಿಡಿದು ಕಟ್ಟೆಗೆ ಹೊರಟೆ, ಕಮಲಾಕ್ಷಿ ಹಿಂದೆ. ದಾರಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತಿದ್ದರು. ಓದುವ ಕೋಣೆಯಲ್ಲಿ ಪತ್ರಿಕೆಯ ಮೇಜು ಕಾಣುತ್ತಿರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ತಕ್ಕಡಿ ಕಾಣುತ್ತಿರಲಿಲ್ಲ. ನೀವು ಈ ತಿಂಗಳು ನಮ್ಮ ಮನೆಗೆ ಎರಡು ಸಲ ಬಂದಿದ್ದೀರಿ ಎಂದುಕೊಂಡಿದ್ದೆವು, ಇಷ್ಟು ಸಲವೇ ಎಂದು ಒಬ್ಬಾಕೆ ನಯವಾಗಿ ಕೇಳಿದಳು. ಅಲ್ಲಿಯವರೆಗೆ ನನಗೂ ನಗು ಬರುವ ಹಾಗಿತ್ತು. ಶಾಲೆಯ ಗೇಟಿನ ಹತ್ತಿರ ಬಂದಾಗ ಅದೂ ನಿಂತಿತು. ಹೆಡ್‌ಮಿಸ್ಟ್ರೆಸ್ ಅವರ ಯಂತ್ರ ಸರಿಮಾಡಲು ಹೋದ ದಿನಗಳಲ್ಲಿ ಬಿಟ್ಟ ಐದು ಮೋಡ ಅಲ್ಲಿದ್ದವು. ಮಕ್ಕಳು ಅವುಗಳ ಕೆಳಗೆ ನಿಂತು, ಎಗರಿ ಎಗರಿ ಬಾಯಿ ತೆರೆದು ಮಾವಿನ ಹಣ್ಣು ತಿನ್ನುವ ಆಟ ಆಡುತ್ತಿದ್ದವು. ಡಬ್ಬಿಯ ಮೇಲಿನ ‘ವಯಸ್ಕರಿಗೆ ಮಾತ್ರ’ ಎಂಬ ಅಕ್ಷರ ಕಣ್ಣಿಗೆ ಕಟ್ಟಿತು. ಮಕ್ಕಳನ್ನು ಆಚೆಗೆ ಕಳಿಸಿ ಐದನ್ನೂ ಅಲ್ಲೇ ಬೀಸಿ ಓಡಿಸಿ ಮುಂದೆ ಹೋದೆ.

ಕಟ್ಟೆಯ ಮೇಲೆ ಗಿರಿಜತ್ತೆ ಶಾಲು ಹೊದ್ದು ಕುಳಿತಿದ್ದಳು. ಉಸಿರು ಸಿಳ್ಳೆ ಹಾಕುತ್ತಿತ್ತು. “ನನ್ನ ಮಂಚದ ಹತ್ರ ಹನ್ನೊಂದು ಇವೆ ಕಣೋ. ಎಣಿಸ್ಕೊಂಡೇ ಬಂದೆ,” ಎಂದಳು. ಅವಳ ಮುಖ ನೋಡುವುದಕ್ಕೆ ನನ್ನಿಂದ ಆಗಲಿಲ್ಲ. ಅಳು ಬಂತು ಎಂದು ಹೇಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಪುಸ್ತಕ ತೆರೆಯದೆಯೇ ‘ಬೇಡ’ ಎಂದೆ.

ಅವಳು ತಲೆಯಾಡಿಸಿದಳು. ಸಿಕ್ಕಿಬಿದ್ದ ಮೇಲೆ ಬೇಡ ಎನ್ನುವುದಕ್ಕೆ ಪರೀಕ್ಷೆ ಮಾಡುವವರು ಯಾಕೆ ಬೇಕು, ಅದು ಮಾಲಿನ ಮೇಲೆ ಹೇಳಿದ ಮಾತಲ್ಲ, ನಾಚಿಕೆಗೆ ಹೇಳಿದ್ದು ಎಂದಳು. “ನಿನ್ನೆ ಏನು ಹೇಳೋನಿದ್ದೆ, ಅದನ್ನ ಹೇಳು.”

“ಇರಲಿ ಅನ್ನೋನಿದ್ದೆ, ಅತ್ತೆ.”

“ಯಾಕೆ?”

ಮುದುಕರ ಮೊಣಕಾಲು, ಬಸ್ ನಿಲ್ದಾಣ, ಪಟೇಲರ ಚುಟ್ಟ ಎಲ್ಲವೂ ನಾಲಗೆಯ ತುದಿಯವರೆಗೆ ಬಂದವು. ಪಕ್ಕದಲ್ಲಿ ಕಮಲಾಕ್ಷಿ ಇದ್ದಳು, ಎದುರಿಗೆ ಸಿಳ್ಳೆ ಹಾಕುವ ಉಸಿರು. ಸುಳ್ಳು ಹೇಳಲು ಆಗ ನನಗೆ ಶಕ್ತಿಯೇ ಇರಲಿಲ್ಲ. “ಬೇಡ ಅಂದ್ರೆ ಶೆಟ್ರು ತರಿಸಲ್ಲ. ನಾಳೆಯಿಂದ ನನಗೆ ಸಿಗಲ್ವಲ್ಲ ಅಂತ,” ಎಂದೆ.

ನಗಲು ಬಂದಿದ್ದ ಜನ ನಗಲಿಲ್ಲ. ಗಿರಿಜತ್ತೆ ಶಾಲನ್ನು ಸರಿಮಾಡಿಕೊಂಡು, ಮೂವತ್ತು ದಿನದಲ್ಲಿ ನೀನು ಹೇಳಿದ ಮೊದಲ ಸರಿಯಾದ ಮಾತು ಇದು, ತೀರ್ಪು ಇದರಲ್ಲೇ ಇದೆ ಎಂದಳು. ಇದಕ್ಕೆ ಮನೆಯವರ ಒಪ್ಪಿಗೆ ಬೇಕಲ್ಲ ಎಂದು ಕಮಲಾಕ್ಷಿಯ ಕಡೆ ತಿರುಗಿದಳು. ಇವನು ಇಷ್ಟು ಎಳೆಯುತ್ತಿದ್ದದ್ದು ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಕಮಲಾಕ್ಷಿ ಸೆರಗಿನ ತುದಿ ನೋಡಿಕೊಂಡು, “ಕಾಣದೇ ಇರೋದಕ್ಕೆ ನಾನೇನು ಹೇಳ್ಲಿ ಅತ್ತೆ? ಸಿಕ್ಕಿದ್ರೆ ಬಿಡೋಕಾಗಲ್ಲ ಅನ್ನೋದು ಮಾತ್ರ ಹೌದು,” ಎಂದಳು. ಎಷ್ಟು ದೊಡ್ಡ ಮನಸ್ಸು ಇವಳದು ಎಂದು ನನಗೆ ಆಗ ಅನ್ನಿಸಿತು. ಶೆಟ್ಟರು ತರಿಸಲು ಬರೆದಿದ್ದ ಪಟ್ಟಿಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಮೊಣಕಾಲು ನೋವಿನ ಮುದುಕರು ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಟವೆಲ್ ಹುಡುಕಿಕೊಂಡು ಹೋದರು.

ಅಂದಿನಿಂದ ಸಂಜೆಯ ಸುತ್ತಾಟ ಮತ್ತೆ ಶುರುವಾಯಿತು. ಮೊದಲು ಗಿರಿಜತ್ತೆಯ ಮನೆಯ ಹನ್ನೊಂದು. ಆಮೇಲೆ ಬೀದಿಬೀದಿಯಾಗಿ, ದಿನಕ್ಕೆ ನೂರು ನೂರೈವತ್ತು. ಮೊದಲ ಮೂರು ದಿನ ಪೀಪಿಯಿಲ್ಲದೆ ಕೈ ನಡುಗುತ್ತಿತ್ತು, ಬೀಸುವುದಕ್ಕೆ ಅದೂ ಅನುಕೂಲವೇ ಆಯಿತು. ಕಮಲಾಕ್ಷಿ ಪಕ್ಕದಲ್ಲಿ ನಿಂತು ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತಿದ್ದಳು, ಅಲ್ಲೊಂದು ಉಳಿದಿದೆ, ಅದರ ಹಿಂದೆ ಇನ್ನೊಂದಿದೆ ಎಂದು. ಸುದ್ದಿ ಹೇಳುತ್ತಿರಲಿಲ್ಲ. ಅದು ನನಗೆ ತಕ್ಕ ಶಿಕ್ಷೆ ಎಂದು ಒಪ್ಪಿಕೊಂಡಿದ್ದೆ. ವಾರಿಜಮ್ಮನ ಹಿತ್ತಿಲಿನಲ್ಲಿ ಮಾತ್ರ ಎರಡು ಹಟಮಾರಿ ಮೋಡಗಳು ಸಿಕ್ಕವು. ಗುಂಡಗೆ, ತುಸು ತಗ್ಗಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಎಷ್ಟು ಬೀಸಿದರೂ ಕದಲಲಿಲ್ಲ. ನಿಮ್ಮ ಕೈ ಸೋತಿದೆ, ಬಿಡಿ, ನಾಳೆ ನೋಡಿದರಾಯಿತು ಎಂದು ಕಮಲಾಕ್ಷಿಯೇ ಎಳೆದುಕೊಂಡು ಬಂದಳು. ಮರುದಿನ ಬೇರೆ ಬೀದಿಯ ಕಡೆ ನಡೆದಳು.

ಹತ್ತು ದಿನ ಕಳೆದ ಮೇಲೆ ಏಕಾದಶಿ ಬಂತು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಾಳೆಹಣ್ಣು, ಮೊಸರವಲಕ್ಕಿ. ಬೆಳಗಿನಿಂದ ರಾತ್ರಿಯವರೆಗೆ ಉರಿಯುವ ಒಲೆಯಿಂದಾಗಿ ನಮ್ಮ ಅಡುಗೆಮನೆ ಎಂಥ ಚಳಿಯಲ್ಲೂ ಬೆಚ್ಚಗಿರುತ್ತದೆ. ಅಂದು ಮಾತ್ರ ಹೊರಗಿನಷ್ಟೇ ತಣ್ಣಗಿತ್ತು. ಕಮಲಾಕ್ಷಿ ಹೂ ಕೀಳಲು ಹಿತ್ತಿಲಿಗೆ ಹೋಗಿದ್ದಳು. ನೀರು ಕುಡಿಯಲು ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಗೂಡಿನ ಮುಂದೆ, ಒರಳಿನ ಮೇಲೆ, ಸಾಂಬಾರ ಪುಡಿಯ ಡಬ್ಬಿಗಳ ಸಾಲಿನ ಉದ್ದಕ್ಕೂ ಬೆಳ್ಳಗೆ ಮೋಡ. ಇಲ್ಲೂ ಬಿಟ್ಟಿಲ್ಲವಲ್ಲ ನಾನು ಎಂದು ನನ್ನನ್ನೇ ಬೈದುಕೊಂಡು, ಅವಳು ಬರುವಷ್ಟರಲ್ಲಿ ಓಡಿಸೋಣವೆಂದು ಟವೆಲ್ ಬೀಸಿದೆ. ಹೋಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಅಲುಗಲೂ ಇಲ್ಲ.

ಆಗ ಸರಿಯಾಗಿ ನೋಡಿದೆ. ಒಂದೂ ಸೋರೆಕಾಯಿಯಾಗಿರಲಿಲ್ಲ. ಎಲ್ಲವೂ ಕಡುಬಿನ ಹಾಗೆ ಗುಂಡಗೆ, ನನ್ನ ಭುಜದ ಎತ್ತರಕ್ಕೆ ಒಂದೇ ಸಾಲಿನಲ್ಲಿ ನಿಂತಿದ್ದವು. ನನ್ನ ಭುಜದ ಎತ್ತರಕ್ಕೆ ಬರುವವರು ನಮ್ಮ ಮನೆಯಲ್ಲಿ ಒಬ್ಬರೇ.

ಕಮಲಾಕ್ಷಿ ಹೂಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಟವೆಲನ್ನು ಅವಳ ಕಡೆ ಚಾಚಿದೆ. ಅವಳು ಬುಟ್ಟಿಯನ್ನು ಕೆಳಗಿಟ್ಟು, ಟವೆಲ್ ತೆಗೆದುಕೊಂಡು, ಗೂಡಿನ ಮುಂದಿನ ಒಂದಕ್ಕೆ ನಾಲ್ಕು ಸಲ ಬೀಸಿದಳು. ಅದು ತುಸು ಅಲುಗಿ ಮಾಯವಾಯಿತು.

“ದಿನಕ್ಕೆ ಎಷ್ಟು?” ಎಂದೆ.

“ಎರಡೋ ಮೂರೋ,” ಎಂದಳು.

ಅಷ್ಟೊತ್ತು ತಡೆದಿದ್ದವಳಿಗೆ ನಗು ಬಂತು. ಒರಳಿಗೆ ಒರಗಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಮೊದಲ ವಾರ ರುಚಿ ಹೇಗಿದೆಯೋ ನೋಡೋಣವೆಂದು ಒಂದು ಎಳೆದಳಂತೆ. ಆಮೇಲೆ ಸಂಜೆಯ ಸುತ್ತಾಟವೂ ಇಲ್ಲ, ಮಾತಾಡುವವರೂ ಇಲ್ಲ, ನಾನು ಮಲಗಿದ ಆ ಅರ್ಧ ಗಂಟೆ ಅದೇ ಜೊತೆಯಾಯಿತಂತೆ. ಒಂದೆರಡು ಸಲ ಸೆರಗಿನಲ್ಲಿ ಮುಚ್ಚಿಕೊಂಡು ವಾರಿಜಮ್ಮನ ಮನೆಗೂ ಒಯ್ದಿದ್ದಳಂತೆ. ಕಟ್ಟೆಯ ಮೇಲೆ ಅವಳು ‘ಹೌದು’ ಎಂದದ್ದು ಯಾಕೆ, ಹತ್ತು ದಿನದಿಂದ ಸುದ್ದಿ ಹೇಳದೆ ಸುಮ್ಮನೆ ನಿಲ್ಲುತ್ತಿದ್ದದ್ದು ಯಾಕೆ ಎಂದು ಈಗ ತಿಳಿಯಿತು. ನನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದೆ. ಅವಳಿಗೆ ಅವಳ ಮೇಲೇ ನಾಚಿಕೆಯಾಗಿತ್ತು. ನನಗೆ ಸಿಟ್ಟು ಬರಲಿಲ್ಲ. ಎದೆಯ ಮೇಲಿಂದ ಯಾರೋ ಯಂತ್ರ ಇಳಿಸಿದ ಹಾಗಾಯಿತು.

ಪುಸ್ತಕ ತಂದು ‘ಚಾರ್ಜು ತಾನಾಗಿ ಇಳಿಯುತ್ತದೆ’ ಎಂಬ ಸಾಲನ್ನು ಅವಳ ಎದುರಿಗೇ ಹೊಡೆದುಹಾಕಿದೆ. ಆ ಒಂದು ವಿಷಯದಲ್ಲಿ ಪೀಪಿಯದು ತಪ್ಪಿರಲಿಲ್ಲ. ಸಂಜೆ ಐದೂವರೆಗೆ ಇಬ್ಬರೂ ವಾರಿಜಮ್ಮನ ಹಿತ್ತಿಲಿನ ಕಡೆ ಹೊರಟೆವು. ಪೋಸ್ಟ್‌ಮ್ಯಾನ್ ಮಗಳ ಮದುವೆಯಲ್ಲಿ ಏನೇನು ನಡೆಯಿತು ಎಂದು ಅವಳು ಗೇಟು ದಾಟುವ ಮೊದಲೇ ಶುರುಮಾಡಿದಳು. ಟವೆಲ್ ಅವಳ ಹೆಗಲ ಮೇಲಿತ್ತು, ತರಕಾರಿ ಚೀಲ ನನ್ನ ಕೈಯಲ್ಲಿ.